ಜುಬೈದಕ್ಕ ಮತ್ತು ಹಾರುವ ಮೋನು

ಜುಬೈದಕ್ಕ ನಿಂತೇ ಆಡುತ್ತಿದ್ದರು. ಟಿವಿಯ ಎದುರಿಗೆ ಒಳ್ಳೆಯ ಸೋಫಾ ಇತ್ತು. ಅದರ ಮೇಲೆ ಇಸ್ತ್ರಿಗೆ ಕಾದ ಬಟ್ಟೆಗಳು ಕೂತಿರುತ್ತಿದ್ದವೇ ಹೊರತು ಅವರಲ್ಲ. ಮೈಮೇಲೆ ಮ್ಯಾಕ್ಸಿ, ತಲೆಗೆ ಸುತ್ತಿದ ಹತ್ತಿಯ ದುಪಟ್ಟಾ, ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದ ಗೇಮಿನ ರಿಮೋಟು. ತೆರೆಯ ಮೇಲಿನ ಪುಟ್ಟ ಮನುಷ್ಯ ಬಲಕ್ಕೆ ಓಡಿದರೆ ಇವರ ಸೊಂಟವೂ ಬಲಕ್ಕೆ ವಾಲುತ್ತಿತ್ತು. ಅವನು ಹಾರಿದರೆ ಇವರ ಹಿಮ್ಮಡಿ ನೆಲ ಬಿಡುತ್ತಿತ್ತು. ಅರವತ್ತು ದಾಟಿದ, ಮೊಮ್ಮಕ್ಕಳಿದ್ದ ಹೆಂಗಸು.

ನನ್ನ ಗಂಡನಿಗೆ ಕಟ್ಟಡದ ಕಂಪನಿಯಲ್ಲಿ ಕೆಲಸ ಸಿಕ್ಕಿ ನಾವು ವಿಜಯಪುರದಿಂದ ಗಲ್ಫಿನ ಅಲ್ ರಯ್ಯಾನಿಗೆ ಬಂದಾಗ ಪಕ್ಕದ ಫ್ಲ್ಯಾಟು ಅವರದು. ಕೊತ್ತಂಬರಿ ಕೇಳಲು ಬಾಗಿಲು ತಟ್ಟಿದರೆ, ತೆರೆದವರು ನನ್ನತ್ತ ನೋಡದೆ, "ಬಾ ಬಾ, ಚಪ್ಪಲಿ ಅಲ್ಲೇ ಬಿಡು, ಒಂದು ನಿಮಿಷ ಮಾತಾಡ್ಬೇಡ" ಎಂದು ಟಿವಿಯ ಕಡೆ ಓಡಿದರು.

"ಕುಂತು ಆಡಬಾರದೇನ್ರಿ ಅಕ್ಕಾರ?" ಎಂದು ಎಷ್ಟೋ ಸಲ ಕೇಳಿದ್ದೇನೆ.

"ನಾನು ಕೂತ್ರೆ ಅವನು ಹಾರುದಿಲ್ಲ ಮಾರಾಯ್ತಿ."

ಅವನು ಎಂದರೆ ಮೋನು. ಬ್ಯಾರಿ ಮನೆಗಳಲ್ಲಿ ಮಗನನ್ನು ಮುದ್ದಿಗೆ ಕರೆಯುವ ಹೆಸರು ಅದು. ಆಟದಲ್ಲಿ ಅವನಿಗೆ ಬೇರೆ ಏನೋ ಹೆಸರಿತ್ತಂತೆ, ಅವರು ಅದನ್ನು ಯಾವತ್ತೂ ಓದಿರಲಿಲ್ಲ. ಬೆನ್ನಿಗೆ ಗಂಟು ಕಟ್ಟಿಕೊಂಡ ಕೆಂಪಂಗಿಯ ಮನುಷ್ಯ. ಸಮುದ್ರ, ಗುಹೆ, ಹಿಮದ ಬೆಟ್ಟ ದಾಟಿ ಕೊನೆಗೆ ನೇರಳೆ ಬಣ್ಣದ ಆಕಾಶದಲ್ಲಿ ಮೋಡದಿಂದ ಮೋಡಕ್ಕೆ ಹಾರಿ ಅವನು ತನ್ನ ಮನೆ ಸೇರಬೇಕು. ಬಿದ್ದರೆ ಮತ್ತೆ ಸಮುದ್ರದಿಂದ ಶುರು. ನಿಲ್ಲಿಸಿದಲ್ಲಿಂದ ಮುಂದುವರಿಸುವ ಅನುಕೂಲ ಆ ಹಳೆಯ ಕ್ಯಾಸೆಟ್ಟಿನಲ್ಲಿ ಇರಲಿಲ್ಲ.

ಜುಬೈದಕ್ಕ ಉಳ್ಳಾಲದಿಂದ ಮದುವೆಯಾಗಿ ಬಂದ ಹೊಸದರಲ್ಲಿ ಗಂಡ ಹಮೀದ್ ಸಾಹೇಬರು ಆ ಗೇಮನ್ನು ತಂದುಕೊಟ್ಟಿದ್ದರು. ಅವರ ಕೆಲಸ ಸಮುದ್ರದ ಮಧ್ಯದ ತೈಲದ ಕಟ್ಟೆಯ ಮೇಲೆ. ಹೋದರೆ ವಾರಗಟ್ಟಲೆ ಬರುವ ಹಾಗಿಲ್ಲ. "ಇವರು ಹೋದ್ರೆ ಮನೆಯಲ್ಲಿ ನಾನು ಮತ್ತೆ ಏಸಿ, ಇಬ್ಬರೇ" ಎನ್ನುತ್ತಿದ್ದರು ಜುಬೈದಕ್ಕ. "ಏಸಿಗಿಂತ ಮೋನು ವಾಸಿ. ಬಿದ್ದಾಗ ಒಂದು ಸದ್ದಾದ್ರೂ ಮಾಡ್ತಾನೆ." ನೇರಳೆ ಆಕಾಶದ ತನಕ ಎಷ್ಟೋ ಸಲ ಹೋಗಿದ್ದರು. ದಾಟಿರಲಿಲ್ಲ. ಮಗು ಎದ್ದಿತು, ಕುಕ್ಕರ್ ಕೂಗಿತು, ಊರಿಂದ ಫೋನ್ ಬಂತು. ಏನೋ ಒಂದು ಆಗುತ್ತಿತ್ತು.

ನಾನು ಅವರನ್ನು ಹತ್ತಿರದಿಂದ ಕಂಡದ್ದು ಅವರು ಅಲ್ಲಿದ್ದ ಕೊನೆಯ ವರ್ಷ. ಹಮೀದ್ ಸಾಹೇಬರ ನಿವೃತ್ತಿಯ ಸುದ್ದಿ ಬಂದಿತ್ತು. ಬೇಸಿಗೆ ಕಳೆದರೆ ವೀಸಾ ಮುಗಿಯುತ್ತದೆ, ಇಬ್ಬರೂ ಊರಿಗೆ. ಜುಬೈದಕ್ಕ ಅದರ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಒಂದು ಡಬ್ಬದಲ್ಲಿ ಕಟ್ಟಿದ ಪಿಂಗಾಣಿಯನ್ನು ಬಿಚ್ಚಿ ಇನ್ನೊಂದರಲ್ಲಿ ತುಂಬುತ್ತಿದ್ದರು, ಪರದೆ ತೆಗೆದು ಒಗೆದು ಮತ್ತೆ ಅಲ್ಲೇ ನೇತುಹಾಕುತ್ತಿದ್ದರು. ಚಹಾಕ್ಕೆ ನೀರಿಟ್ಟು ಬಾಲ್ಕನಿಗೆ ಹೋದರೆ ನೀರು ಬತ್ತಿದ ಮೇಲೆಯೇ ನೆನಪು. ಅವರ ಬಾಯಲ್ಲಿ ಇದ್ದದ್ದು ಒಂದೇ ವಿಷಯ, ಟಿವಿಯ ಪಿಕ್ಚರು.

ಆ ರಂಜಾನಿಗೆ ಮಗ ಇರ್ಫಾನ್ ಗೋಡೆಯಗಲದ ಹೊಸ ಟಿವಿ ತಂದಿದ್ದ. ತಾಯಿ ಅಡುಗೆಮನೆಯಿಂದ ಕೈ ಒರೆಸಿಕೊಂಡು ಬರುವಷ್ಟರಲ್ಲಿ ಹಳೆಯ ದಪ್ಪ ಟಿವಿಯನ್ನು ಕೆಳಗಿಳಿಸಿ ಯಾರಿಗೋ ಕೊಟ್ಟೂ ಆಗಿತ್ತು. ಹೊಸದಕ್ಕೆ ಗೇಮಿನ ಹಳದಿ ವೈರು ಚುಚ್ಚುವ ಜಾಗವೇ ಇರಲಿಲ್ಲ. ವೈರಿಗೂ ಟಿವಿಗೂ ಮಧ್ಯೆ ಇಡಲು ಒಂದು ಅಗ್ಗದ ಡಬ್ಬಿ ತಂದರು. ಪಿಕ್ಚರ್ ಬಂತು, ಆದರೆ ಮೋನು ಅಡ್ಡಡ್ಡ ಎಳೆದ ಹಾಗೆ ದಪ್ಪಗಾಗಿದ್ದ, ಆಕಾಶ ಎಣ್ಣೆ ಸವರಿದ ಹಾಗಿತ್ತು. ಎಲ್ಲಕ್ಕಿಂತ ಕಷ್ಟದ್ದು ಬೇರೆ. "ನಾನು ಒತ್ತಿದ ಮೇಲೆ ಅವನು ಯೋಚನೆ ಮಾಡಿ ಹಾರುದು. ಅಷ್ಟೊತ್ತಿಗೆ ಬಂಡೆ ಹೋಗಿ ಆಗಿರ್ತದೆ." ಮೊದಲ ಸಮುದ್ರವನ್ನೇ ದಾಟಲಾಗುತ್ತಿರಲಿಲ್ಲ.

"ಬಿಟ್ಟುಬಿಡ್ರಿ ಅಕ್ಕಾರ, ಊರಿಗೆ ಹೋದಮ್ಯಾಲ ನೋಡೂಣಂತ" ಎಂದೆ.

"ಇಲ್ಲ. ಇಲ್ಲಿ ಶುರು ಮಾಡಿದ್ದು, ಇಲ್ಲೇ ಮುಗಿಸಿ ಹೋಗ್ಬೇಕು." ಮುಖ ಆಚೆ ತಿರುಗಿಸಿಕೊಂಡು ಹೇಳಿದರು.

ಒಂದು ಶುಕ್ರವಾರ ತರಕಾರಿ ಚೀಲ ಹಿಡಿದು ಬಂದರು. ಒಳಗೆ ಟವೆಲಿನಲ್ಲಿ ಸುತ್ತಿದ ಗೇಮು. "ಇಂಡಸ್ಟ್ರಿಯಲ್ ಏರಿಯಾದಲ್ಲಿ ಹಳೆ ಟಿವಿ ಇರ್ತದಂತೆ. ನಡೆ."

"ಅಲ್ಲಿ ಹೆಣ್ಮಕ್ಳು ಹೋಗ್ತಾರೇನ್ರಿ?"

"ನಾವು ಹೋಗ್ತೇವಲ್ಲ."

ಟ್ಯಾಕ್ಸಿ ಹಿಡಿದು ಹೋದೆವು. ಗ್ಯಾರೇಜುಗಳ ಸಾಲಿನ ಕೊನೆಯಲ್ಲಿ ಒಬ್ಬ ಮಲಯಾಳಿಯ ಹಳೆ ಸಾಮಾನಿನ ಅಂಗಡಿ. ಫ್ರಿಜ್ಜುಗಳ ಹಿಂದೆ ಧೂಳು ತಿನ್ನುತ್ತ ಒಂದು ದಪ್ಪ ಟಿವಿ ಇತ್ತು. "ಗ್ಯಾರಂಟಿ ಮಾಫಿ ಉಮ್ಮಾ" ಎಂದು, ಗ್ಯಾರಂಟಿ ಇಲ್ಲ ಅಂತ, ಅವನು ಮೊದಲೇ ಹೇಳಿಬಿಟ್ಟ. ಜುಬೈದಕ್ಕ ದುಪಟ್ಟಾದ ಅಂಚಿನಿಂದ ಗಾಜು ಒರೆಸಿ, ವೈರು ಚುಚ್ಚಿ, ರಿಮೋಟು ಹಿಡಿದು ಅಲ್ಲೇ ನಿಂತರು.

ಆ ಟಿವಿಯಲ್ಲಿ ಆಟ ನೋಡಿದ ಮೇಲೆಯೇ ಅವರ ಗೋಳು ನನಗೆ ಅರ್ಥವಾದದ್ದು. ಬಣ್ಣ ತಿಳಿಯಾಗಿತ್ತು, ಮೋನು ತೆಳ್ಳಗಿದ್ದ. ಬೆರಳು ಒತ್ತಿದ ಕ್ಷಣಕ್ಕೆ ಹಾರುತ್ತಿದ್ದ. ರಜೆಯ ದಿನ ಅಡ್ಡಾಡಲು ಬಂದ ಕಾರ್ಮಿಕರು ಒಬ್ಬೊಬ್ಬರಾಗಿ ಬಾಗಿಲಲ್ಲಿ ನಿಂತರು. ಬುರ್ಖಾ ತೊಟ್ಟ ಅಜ್ಜಿ ಫ್ರಿಜ್ಜುಗಳ ನಡುವೆ ಎಡಕ್ಕೆ ಬಲಕ್ಕೆ ವಾಲುತ್ತ ಆಡುವುದನ್ನು ಕಂಡು ಯಾರೂ ನಗಲಿಲ್ಲ. ಗುಹೆ ದಾಟಿತು. ಹಿಮದ ಬೆಟ್ಟದಲ್ಲಿ ಒಬ್ಬ ನೇಪಾಳಿ ಹುಡುಗ ಮೆಲ್ಲಗೆ, "ಊಪರ್, ಅಮ್ಮಾ, ಊಪರ್" ಎಂದ. "ಮಾಲೂಮ್ ಹೈ" ಎಂದರು ಇವರು, ಕಣ್ಣು ತೆಗೆಯದೆ.

ನೇರಳೆ ಆಕಾಶ ಶುರುವಾಗಿ ಸ್ವಲ್ಪ ಹೊತ್ತಿಗೆ ಟಿವಿಯೊಳಗೆ ಟಪ್ ಎಂದಿತು. ಇಡೀ ಪಿಕ್ಚರ್ ಕುಗ್ಗಿ ನಡುವೆ ಒಂದು ಬಿಳಿ ಗೆರೆಯಾಯಿತು. ಸಂಗೀತ ಮಾತ್ರ ನಿಲ್ಲಲಿಲ್ಲ. ಜುಬೈದಕ್ಕನೂ ನಿಲ್ಲಿಸಲಿಲ್ಲ. ಗೆರೆಯನ್ನೇ ನೋಡುತ್ತ, ಕಿವಿಗೊಟ್ಟು, ನೆನಪಿನಿಂದಲೇ ಒಂದು ಮೋಡ ಹಾರಿದರು. ಇನ್ನೊಂದು. ಮತ್ತೊಂದು. ಆಮೇಲೆ ಮೋನು ಬಿದ್ದ ಸದ್ದು ಬಂತು.

ಅಂಗಡಿಯವನು ಟಿವಿಯ ನೆತ್ತಿಗೆ ಎರಡೇಟು ಹಾಕಿ ನೋಡಿ "ಖಲಾಸ್" ಎಂದ.

ವಾಪಸು ಬರುವಾಗ ಟ್ಯಾಕ್ಸಿಯಲ್ಲಿ ಜುಬೈದಕ್ಕ ಗೇಮಿನ ಟವೆಲು ಬಿಚ್ಚಿ ಮತ್ತೆ ಸುತ್ತಿದರು. ಆಮೇಲೆ ಕಿಟಕಿಯ ಕಡೆ ನೋಡುತ್ತ, "ಇರ್ಫಾನಿಗೆ ಬೈಲಿಕ್ಕೂ ಆಗುದಿಲ್ಲ. ಟಿವಿ ತಂದ ದಿನ ಒಳ್ಳೆದುಂಟು ಅಂತ ನಾನೇ ಹೇಳಿದ್ದು. ಅವನ ಮುಖ ನೋಡಿ ಬೇರೆ ಎಂತ ಹೇಳುದು" ಎಂದರು.

ಹೇಳಬೇಡ ಎಂದಿದ್ದರೂ ನಾನು ಇರ್ಫಾನನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬ್ಯಾಂಕಿನಲ್ಲಿ ದೊಡ್ಡ ಹುದ್ದೆ, ಅವಸರದ ಮನುಷ್ಯ. ಕೇಳಿಸಿಕೊಂಡು, "ಉಮ್ಮಾ ಅಂಗಡಿಯಲ್ಲಿ ನಿಂತು ಆಡಿದ್ರಾ?" ಎಂದಷ್ಟೇ ಕೇಳಿದ.

ಕೆಲವು ದಿನ ಬಿಟ್ಟು ನಮಾಜು ಮುಗಿಸಿ ನೇರ ಬಂದ. ಬಣ್ಣಗಳನ್ನೆಲ್ಲ ಒಂದೇ ಹಳದಿ ತಂತಿಯಲ್ಲಿ ತುರುಕದೆ ಬೇರೆ ಬೇರೆಯಾಗಿ ಕಳಿಸುವ ದಪ್ಪ ಕೇಬಲ್ಲು, ಅದಕ್ಕೆ ತಕ್ಕ ಒಳ್ಳೆಯ ಡಬ್ಬಿ ತರಿಸಿದ್ದ. ಜೋಡಿಸಿ, ಟಿವಿಯ ಸೆಟ್ಟಿಂಗಿನಲ್ಲಿ ಒಂದೊಂದೇ ತೆರೆಯುತ್ತ ಹೋದ. ನನ್ನೆದುರು ತಾಯಿ ಮಗ ಬ್ಯಾರಿ ಭಾಷೆ ಬಿಟ್ಟು ಕನ್ನಡದಲ್ಲೇ ಮಾತಾಡುತ್ತಿದ್ದರು.

"ಉಮ್ಮಾ, ಇಷ್ಟು ದೊಡ್ಡ ಟಿವಿಯಲ್ಲಿ ಎರಡೂ ಕಡೆ ಕಪ್ಪು ಬಿಡುದಾ? ಫುಲ್ ಸ್ಕ್ರೀನ್ ಬೇಡ್ವಾ?"

"ಬೇಡ. ಅವನು ಸಪೂರದವನು. ಅವನನ್ನು ದಪ್ಪ ಮಾಡ್ಬೇಡ."

"ಇದು ಪಿಕ್ಚರನ್ನು ಸ್ಮೂತ್ ಮಾಡ್ತದೆ."

"ಪೌಡರ್ ಹಚ್ಚುದೂ ಬೇಡ."

ನುಣುಪು ಮಾಡುವುದನ್ನೆಲ್ಲ ಆರಿಸಿ ಗೇಮ್ ಮೋಡ್ ಹಾಕಿದ. ಜುಬೈದಕ್ಕ ಒತ್ತಿ ನೋಡಿದರು. ಮೋನು ಹಾರಿದ. ಮತ್ತೆ ಒತ್ತಿದರು. "ಹಳೆ ಟಿವಿಯಷ್ಟು ಇಲ್ಲ. ಆದ್ರೆ ಈಗ ಅವನು ನನ್ನ ಮಾತು ಕೇಳ್ತಾನೆ" ಎಂದರು. ಇರ್ಫಾನ್ ಶೂ ಹಾಕಲು ಎದ್ದವನು ಹಾಗೇ ನಿಂತು ನೋಡತೊಡಗಿದ. ಚಿಕ್ಕಂದಿನಲ್ಲಿ ತನ್ನನ್ನು ಓದಲು ಕೂರಿಸಿ ತಾಯಿ ಆಡುತ್ತಿದ್ದದ್ದನ್ನು ಅವನು ಗೋಡೆಯಾಚೆಯಿಂದ ಕೇಳಿದ್ದನಂತೆ, ನೋಡಿರಲಿಲ್ಲ.

ಆದರೂ ಮುಗಿಯಲಿಲ್ಲ. ಸಾಮಾನು ಕಟ್ಟುವವರು ಬಂದರು, ಬೀಳ್ಕೊಡಲು ನೆಂಟರು ಬಂದರು, ಒಂದಾದ ಮೇಲೊಂದು ಊಟದ ಕರೆ. ಫ್ಲ್ಯಾಟು ಖಾಲಿ ಮಾಡಿ ಕೊನೆಯ ದಿನಗಳಿಗೆ ಅಲ್ ಥುಮಾಮಾದಲ್ಲಿದ್ದ ಮಗನ ಮನೆಗೆ ಹೋದರು, ಟಿವಿಯೂ ಹೋಯಿತು. ಹೊರಡುವ ದಿನ ನಾನು ಅಲ್ಲಿಗೆ ಹೋದಾಗ ಬೆಳಿಗ್ಗೆ ಶುರು ಮಾಡಿದ ಆಟ ಇನ್ನೂ ನಡೆದಿತ್ತು. ಮೇಲೆ ವಿಮಾನಗಳು ಇಳಿಯುತ್ತಿದ್ದವು. ಹಮೀದ್ ಸಾಹೇಬರು ಪಾಸ್‌ಪೋರ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದರು.

ನೇರಳೆ ಆಕಾಶ, ಹಿಂದೆಂದೂ ಹೋಗದಷ್ಟು ದೂರ. "ಯಲ್ಲಾ ಜುಬೈದಾ, ಹೊರಡುವ" ಎಂದರು ಸಾಹೇಬರು. ಕಾಯುವ ಪುಣ್ಯಾತ್ಮ, ಮತ್ತೆ ಸ್ವಲ್ಪ ಹೊತ್ತು ಕಾದು ಇನ್ನೊಂದು ಸಲ ಮೆತ್ತಗೆ ಹೇಳಿದರು. ಜುಬೈದಕ್ಕ ಒಂದು ಮೋಡದ ಮೇಲೆ ಮೋನುವನ್ನು ನಿಲ್ಲಿಸಿ ರಿಮೋಟು ಕೆಳಗಿಟ್ಟರು.

"ಇರ್ಲಿ ಉಮ್ಮಾ, ಆಫ್ ಮಾಡ್ಬೇಡಿ. ನಾನು ಮುಗಿಸಿ ವೀಡಿಯೊ ಕಳಿಸ್ತೇನೆ" ಎಂದ ಇರ್ಫಾನ್.

"ಬೇಡ. ಆಮೇಲೆ ನನಗೆ ಎಂತ ಉಳಿತದೆ?"

ತಾವೇ ಸ್ವಿಚ್ ಆರಿಸಿ, ವೈರು ಸುತ್ತಿ, ಗೇಮನ್ನೂ ಡಬ್ಬಿಯನ್ನೂ ಕೈಚೀಲದಲ್ಲಿಟ್ಟುಕೊಂಡರು. ನನ್ನನ್ನು ಅಪ್ಪಿಕೊಂಡಾಗಲೂ ಅವರ ಕೈ ನನ್ನ ಬೆನ್ನ ಮೇಲೆ ಒಂದು ಕಡೆ ನಿಲ್ಲಲಿಲ್ಲ. ಕಾರಿನಲ್ಲಿ ಕೂತ ಮೇಲೆ ಗಾಜು ಇಳಿಸಿ, "ನೀನು ಕೊತ್ತಂಬರಿಯನ್ನು ಫ್ರಿಜ್ಜಿನಲ್ಲಿ ತೊಳೆದು ಇಡ್ಬೇಡ, ಕೊಳೆತು ಹೋಗ್ತದೆ" ಎಂದರು. ಕಾರು ಹೊರಟಿತು.

ನಂತರ ಬಹಳ ದಿನ ಫೋನಿಲ್ಲ. ಪಕ್ಕದ ಫ್ಲ್ಯಾಟಿಗೆ ಬೇರೆಯವರು ಬಂದರು. ಒಂದು ಬೆಳಿಗ್ಗೆ ಉಳ್ಳಾಲದ ನಂಬರಿನಿಂದ ಕರೆ.

"ಮುಗಿಯಿತು ಮಾರಾಯ್ತಿ. ನಿನ್ನೆ."

"ಖರೇನ್ರಿ? ಪಿಕ್ಚರ್ ಹ್ಯಾಂಗ ಬಂತ್ರಿ?"

"ಪಿಕ್ಚರ್ ಚಂದ ಇತ್ತು. ಇಲ್ಲಿ ಟಿವಿ ಚಿಕ್ಕದು. ಇರ್ಫಾನ್ ಫೋನಿನಲ್ಲಿ ಹೇಳಿಕೊಟ್ಟ ಹಾಗೆ ಎಲ್ಲ ಮಾಡಿದೆ."

"ಕಡೀಕ ಏನಿತ್ರಿ ಅದರಾಗ?"

"ಮನೆ ಬರ್ತದೆ. ಅವನು ಗಂಟು ಕೆಳಗಿಡ್ತಾನೆ. ಒಳಗೆ ಹೋಗಿ ಬಾಗಿಲು ಹಾಕ್ತಾನೆ. ಅಷ್ಟೇ."

ಆ ಕಡೆ ಯಾರೋ ಅವರನ್ನು ಊಟಕ್ಕೆ ಕರೆದರು. ಅವರು ಓಗೊಡಲಿಲ್ಲ.

"ಒಳಗೆ ಹೋಗಿ ಅವನು ಎಂತ ಮಾಡ್ತಾನೆ ಅಂತ ತೋರಿಸುದಿಲ್ಲ" ಎಂದರು ಜುಬೈದಕ್ಕ. "ನಾನು ತುಂಬ ಹೊತ್ತು ಕಾದೆ."