ಮೂರೂ ಚಿಲ್ಲರೆ ಕಾಲಿನ ಏಣಿ

ನನಗೆ ಬೇಲಿಗಳೆಂದರೆ ಇಷ್ಟ. ಗೋಡೆಯಷ್ಟು ಒರಟಾಗಿ ಅಲ್ಲದೆ, ಹೂಬಿಟ್ಟುಕೊಂಡು ಜನರನ್ನು ದೂರವಿಡುವ ಸೌಜನ್ಯ ಅವಕ್ಕಿದೆ. ಹೊಳೆನರಸೀಪುರದ ಹೆಣ್ಣುಮಕ್ಕಳ ಶಾಲೆಗೆ ಪಾಠ ಹೇಳಲು ಬಂದು, ಅಮ್ಮನೊಡನೆ ಈ ಬಾಡಿಗೆ ಮನೆ ಹಿಡಿದದ್ದೂ ದಾಸವಾಳದ ಬೇಲಿಯನ್ನು ನೋಡಿಯೇ. ಅದು ಆಳೆತ್ತರ ದಾಟಿ ಬೀದಿಗೆ ಚಾಚಿದಾಗ ಮನೆಯ ಯಜಮಾನರು, "ಗೌರಿ ಹಬ್ಬದೊಳಗೆ ಸವರಿಸಿ. ಇಲ್ಲದಿದ್ದರೆ ಬುಡಸಮೇತ ಕೀಳಿಸ್ತೀನಿ" ಎಂದು ಹೇಳಿಹೋದರು.

ಬಿದಿರೇಣಿ ತಂದು ಒರಗಿಸಿದೆ. ಬೇಲಿ ಗೋಡೆಯಲ್ಲ ಎಂಬುದು ಎರಡು ಮೆಟ್ಟಿಲು ಹತ್ತಿದ ಮೇಲೆ ತಿಳಿಯಿತು. ಏಣಿಯೂ ನಾನೂ ಜೊತೆಯಾಗಿ ಒಳಗೆ ಹೋದೆವು. ಅಮ್ಮ ನನ್ನ ಜಡೆಯಿಂದ ಎಲೆ ಬಿಡಿಸುತ್ತಿದ್ದಾಗ ನೆನಪಾದದ್ದು, ನದಿಯ ದಡದಲ್ಲಿ ಸರ್ವೆಯವರು ನಿಲ್ಲಿಸುತ್ತಿದ್ದ ಮುಕ್ಕಾಲಿ. ನೆಲ ಎಷ್ಟೇ ಏರುಪೇರಿದ್ದರೂ ಮೂರು ಕಾಲು ಊರಿಯೇ ಊರುತ್ತವೆ. ನಾಲ್ಕಿದ್ದರೆ ಒಂದು ತಕರಾರು ತೆಗೆಯುತ್ತದೆ. ಕಾಲೇಜಿನಲ್ಲಿ ಕಲಿತ ರೇಖಾಗಣಿತ ಕೊನೆಗೂ ಹಿತ್ತಲಿಗೆ ಬಂತೆಂದು ಹಿಗ್ಗಿದೆ.

ಅಂಥದೊಂದು ಏಣಿ ಮಾಡಿಕೊಡಿ ಎಂದಾಗ ಬಡಗಿ ನಂಜಾಚಾರರು ಹಿಗ್ಗಲಿಲ್ಲ.

"ಮೂರು ಕಾಲಾ? ಬ್ಯಾಡ ಕಣವ್ವಾ, ಮೂರು ಒಳ್ಳೇದಲ್ಲ. ಮೂರು ಜನ ಒಂದ್ ಕೆಲ್ಸಕ್ಕೆ ಒಂಟ್ರೆ ಕೆಟ್ಟೋಯ್ತದೆ."

ಅಮ್ಮ ಒಳಗಿನಿಂದಲೇ ಕೇಳಿದಳು: "ನಿಮ್ಮನೆ ಒಲೆಗೆ ಎಷ್ಟು ಕಲ್ಲು, ಆಚಾರ್ರೇ?"

"ಒಲೆ ಮ್ಯಾಲೆ ಯಾರೂ ಅತ್ತಕಿಲ್ವಲ್ಲ, ಅಮ್ಮಾವ್ರೇ!"

ಮೂರೇ ಕಾಲು ಎಂದು ಮತ್ತೊಮ್ಮೆ ಹೇಳಿ, ಮುಂಗಡ ಕೊಟ್ಟು ಕಳಿಸಿದೆ.

ಹಬ್ಬಕ್ಕೆ ಎರಡು ದಿನವಿರುವಾಗ ಏಣಿ ಬಂತು. ಮುಂದೆ ಮೆಟ್ಟಿಲಿನ ಎರಡು ಕಾಲು, ಹಿಂದೆ ಊರುಗೋಲಿನಂಥ ಒಂದು. ಅದರ ಪಕ್ಕದಲ್ಲಿ ಗೇಣುದ್ದದ ಇನ್ನೊಂದು ಕಾಲು, ಅರಿಸಿನ ಬಳಿದುಕೊಂಡು, ನೆಲಕ್ಕೆ ತಾಗದೆ ನೇತಾಡುತ್ತಿತ್ತು.

"ಇದೇನು?"

"ಲೆಕ್ಕಕ್ಕೆ" ಎಂದರು ಆಚಾರರು.

ಮರುದಿನ ಬೆಳಿಗ್ಗೆ ಹತ್ತಿದೆ. ಏಣಿ ಅಲುಗಲಿಲ್ಲ. ಆದರೆ ನಾನು ಯೋಚಿಸದೆ ಬಿಟ್ಟ ಸಂಗತಿಯೊಂದಿತ್ತು: ಮರೆಯನ್ನು ಉಳಿಸಿಕೊಳ್ಳಬೇಕಾದರೆ ಮೊದಲು ಮರೆಯಿಂದ ಮೇಲೇಳಬೇಕು. ಸೆರಗು ಬಿಗಿದು, ಕತ್ತರಿ ಹಿಡಿದು, ಇಡೀ ಬೀದಿಗೆ ಕಾಣುವಂತೆ ನಿಂತಿದ್ದೆ. ಎದುರುಮನೆಯ ಪುಟ್ಟಮ್ಮ ರಂಗೋಲಿಯಿಂದ ತಲೆಯೆತ್ತಿದರು.

"ಅಯ್ಯೋ ನಮ್ಮವ್ವಾ, ಬೇಲಿ ಇಂದೆ ಒಂದು ಮಕ ಐತೆ ಅಂತ ಇವತ್ತು ಗೊತ್ತಾಯ್ತು! ಇಳೀಬ್ಯಾಡ, ಅಂಗೇ ನಿಂತು ಮಾತಾಡು."

ಮಾತಾಡಿದೆ. ಬೇಲಿ ಸವರುವುದು ಮಧ್ಯಾಹ್ನದವರೆಗೆ ಹಿಡಿಯಿತು. ಅಷ್ಟು ಹೊತ್ತು ಬೇಕಾದ ಕೆಲಸವೇನಲ್ಲ ಅದು.

ಬೇಲಿ ಉಳಿಯಿತು. ಏಣಿಯನ್ನು ಮಾತ್ರ ನಾನಿನ್ನೂ ಒಳಗಿಟ್ಟಿಲ್ಲ. ಮಾತು ಬೇಕೆನಿಸಿದಾಗ ಹತ್ತುತ್ತೇನೆ, ಸಾಕೆನಿಸಿದಾಗ ಇಳಿಯುತ್ತೇನೆ. ಈ ಅನುಕೂಲ ಬಾಗಿಲಿಗಿಲ್ಲ. ಆ ಗಿಡ್ಡ ಕಾಲನ್ನು ಕೊಯ್ದುಹಾಕೋಣವೇ ಎಂದು ಅಮ್ಮ ಕೇಳಿದಳು. ಬೇಡವೆಂದೆ. ಈ ಬೀದಿಯಲ್ಲಿ ನನ್ನ ಸ್ಥಿತಿಯೂ ಸುಮಾರು ಅದರದೇ: ನೆಲ ಮುಟ್ಟಿಲ್ಲ, ಲೆಕ್ಕಕ್ಕೆ ಸೇರಿದ್ದೇನೆ.