ದೋಣಿಯಲ್ಲಿ ಐದೇ ಜಾಗ

ಕೋರಾ ಬಟ್ಟೆಯ ಮಡಿಕೆ ಬಿಚ್ಚಿದಾಗ ಏಳುವ ಗಂಜಿಯ ಹುಳಿ ವಾಸನೆ ನನ್ನನ್ನು ಇಂದಿಗೂ ಇಚಲಕರಂಜಿಯ ನಮ್ಮ ಮನೆಯ ಹಿಂದಿನ ಮಗ್ಗದ ಶೆಡ್ಡಿಗೆ ಎಳೆದೊಯ್ಯುತ್ತದೆ. ಮೊನ್ನೆ ದಿಂಬಿನ ಗವುಸಿಗೆಂದು ಅಂಥದೊಂದು ಬಟ್ಟೆ ಬಿಚ್ಚಿಕೊಂಡು ಕುಳಿತಿದ್ದೆ. ಪಕ್ಕದಲ್ಲಿ ಮೊಮ್ಮಗಳು ಕಿವಿಗೆ ವಯರು ಸಿಕ್ಕಿಸಿಕೊಂಡು ಸಿನಿಮಾ ನೋಡುತ್ತಿದ್ದಳು. ನನ್ನ ಪಾಲಿಗೆ ಬರೀ ತುಟಿಗಳ ಅಲುಗಾಟ. "ಜಗತ್ತು ಮುಳುಗಿದ್ರ ಯಾರನ್ನ ಉಳಸ್ತೀರಿ ಅಂತ ಮಾಸ್ತರ ಕ್ಲಾಸಿನ್ಯಾಗ ಕೇಳಾಕತ್ತಾನ, ಅಜ್ಜಿ" ಎಂದಳು. ಆ ಪರೀಕ್ಷೆಯನ್ನು ನಾನು ಎಪ್ಪತ್ತರ ದಶಕದಲ್ಲೇ ಪಾಸು ಮಾಡಿದವಳೆಂದು ಹೇಳಲಿಲ್ಲ.

ಪಂಚಗಂಗೆ ಸೊಕ್ಕಿ ಹರಿಯುತ್ತಿದ್ದ ಒಂದು ಮಳೆಗಾಲ, ನಮ್ಮ ಗುರೂಜಿ ಪ್ರಳಯದ ಸಮಸ್ತ ಹೊಣೆಯನ್ನು ಐದನೇ ಇಯತ್ತೆಗೆ, ಅಂದರೆ ನಮ್ಮ ತರಗತಿಗೆ, ಒಪ್ಪಿಸಿಬಿಟ್ಟರು. ದೋಣಿಯಲ್ಲಿ ಐದೇ ಜಾಗ. ಮನೆಮಂದಿಯಲ್ಲಿ ಯಾರನ್ನು ಬಿಡುತ್ತೀರಿ, ಏಕೆ? ನಮ್ಮಲ್ಲಿ ಆರು ಜನ: ಅಪ್ಪ, ಅವ್ವ, ಅಪ್ಪನ ತಾಯಿ ಆಯಿ, ತಮ್ಮ, ನಾನು, ಆಮೇಲೆ ಅಪ್ಪನ ಅಕ್ಕ ಕಾಶವ್ವ, ನನ್ನ ಅತ್ತಿ. ಗಂಡ ತೀರಿದ ಮೇಲೆ ಗಡಹಿಂಗ್ಲಜದಿಂದ ಒಂದು ಟ್ರಂಕು ಹಿಡಿದು ಬಂದು, ಮಗ್ಗಗಳಿಗೆ ನೂಲಿನ ಕಾಂಡಿ ಸುತ್ತುತ್ತ, ನನಗೆ ಹೆರಳು ಹಾಕುತ್ತ ಉಳಿದುಬಿಟ್ಟವಳು. ನಿಮ್ಮ ಮನೆಯಲ್ಲೂ ಅಂಥ ಒಬ್ಬಳು ಇದ್ದಿರಬೇಕು. ನಾನು ನ್ಯಾಯಾಧೀಶರ ಗತ್ತಿನಲ್ಲಿ ಎದ್ದು ನಿಂತೆ. "ನಮ್ಮತ್ತಿನ್ನ ಬಿಡ್ತೇನ್ರಿ ಗುರೂಜಿ. ಅಕಿಗೆ ಮಕ್ಕಳಿಲ್ರಿ, ಅಳಾವ್ರು ಯಾರೂ ಇಲ್ರಿ." ಗುರೂಜಿ "ಶಾಬಾಸ್" ಎಂದರು.

ಆ ಶಾಬಾಸನ್ನು ಹೊತ್ತುಕೊಂಡು ನೇರ ಶೆಡ್ಡಿಗೆ ಓಡಿದೆ. ನಾಲ್ಕು ಮಗ್ಗ ಬಡಿಯುವಾಗ ಅಲ್ಲಿ ಮಾತು ಕಿವಿಗೆ ಬೀಳುತ್ತಿರಲಿಲ್ಲ. ಎಲ್ಲರೂ ತುಟಿ ನೋಡಿಯೇ ಮಾತಾಡುತ್ತಿದ್ದೆವು. ಇದು ಗೊತ್ತಿದ್ದೂ, ಸದ್ದನ್ನೇ ಗೋಡೆಯೆಂದು ನಂಬಿ, ಅಪ್ಪನ ಮುಂದೆ ತೀರ್ಪನ್ನು ಕಾರಣಸಮೇತ ಒದರಿದೆ. ಅಪ್ಪ ಗಾಬರಿಯಿಂದ ಹಿಂದಕ್ಕೆ ತಿರುಗಿದ. ಅವನ ಬೆನ್ನ ಹಿಂದೆ, ನನ್ನ ಮುಖಕ್ಕೆ ಎದುರಾಗಿ, ಅತ್ತಿ ಕಾಂಡಿ ಸುತ್ತುವ ರಾಟೆ ತಿರುಗುವುದನ್ನು ನಿಲ್ಲಿಸಿತ್ತು. ಅವಳು ನಕ್ಕಳು. ತುಟಿಯಲ್ಲೇ ಅಂದಳು: "ನನಗ ಈಸಾಕ ಬರತೈತಿ. ನೀವು ಹೋಗ್ರಿ."

ಅಲ್ಲಿಗೆ ಪ್ರಳಯ ಸುಸೂತ್ರವಾಗಿ ಬಗೆಹರಿಯಿತೆಂದು ನಾನು ನಿಶ್ಚಿಂತಳಾದೆ. ಮರುದಿನದ ಹೆರಳು ಮಾತ್ರ ಸಡಿಲವಾಗಿತ್ತು. ದೀಪಾವಳಿ ಕಳೆದು ಅತ್ತಿ ಟ್ರಂಕು ಕಟ್ಟಿದಳು. "ಯಾಕಕ್ಕಾ, ಇಲ್ಲೇನ ಕಡಿಮ್ಯಾಗೇತಿ?" ಎಂದ ಅಪ್ಪ. "ಕಡಿಮಿ ಏನಿಲ್ಲೋ ತಮ್ಮಾ. ಒಬ್ಬಾಕಿ ಹೆಚ್ಚಾಗೇನಿ" ಎಂದು ನಗುತ್ತಲೇ ಗಡಹಿಂಗ್ಲಜಕ್ಕೆ, ಮೈದುನನ ಮನೆಗೆ ಹೊರಟಳು. ಸೆರಗು ಹಿಡಿದು ನಿಲ್ಲಿಸಬಹುದಿತ್ತು. ನಾನು ಬಾಗಿಲ ಹಿಂದೆ ನಿಂತಿದ್ದೆ.

ಅವಳು ಅಲ್ಲೇ ತೀರಿಕೊಂಡಾಗ ನಾನು ಜಯಸಿಂಗಪುರದ ಸೊಸೆ. ಕಾರ್ಡು ತಲುಪುವಷ್ಟರಲ್ಲಿ ಮಣ್ಣಾಗಿತ್ತು. ತವರಿಗೆ ಹೋಗಿ ಅತ್ತುಬಿಟ್ಟೆ. ಅತ್ತಿ ಚೆನ್ನಾಗಿ ಈಸುತ್ತಿದ್ದಳಲ್ಲ ಎಂದು ಆಯಿಗೆ ಅಂದೆ. ಆಯಿ ಬೆರಗಾಗಿ ನೋಡಿದಳು. "ಈಸೂದು? ಕಾಶವ್ವಗ ನೀರಂದ್ರ ಜೀವಭಯ. ಹೊಳ್ಯಾಗ ಮೊಣಕಾಲಮಟಾನೂ ಇಳದಾಕಿ ಅಲ್ಲ ಅಕಿ."

ಆಮೇಲೆ ಮಗ್ಗಗಳು ಗುಜರಿಗೆ ಹೋದವು. ಕೊನೆಯ ಸಲ ಹೋದಾಗ ಶೆಡ್ಡು ಖಾಲಿಯಿತ್ತು. ಸೂಜಿ ಬಿದ್ದರೂ ಕೇಳುವಷ್ಟು ಮೌನ. ರಾಟೆಯ ನಾಲ್ಕು ಕಾಲಿನ ಗುರುತು ನೆಲದಲ್ಲಿ ಹಾಗೇ ಇತ್ತು. ಅದಕ್ಕೆ ಎದುರಾಗಿ ನಿಂತೆ. "ಬಾ ಅತ್ತಿ, ಜಾಗಾ ಐತಿ" ಎಂದೆ, ದನಿ ತೆಗೆಯದೆ, ತುಟಿಯಲ್ಲೇ. ಆ ಮನೆಯಲ್ಲಿ ಮಾತು ಅವಳಿಗೆ ತಲುಪುತ್ತಿದ್ದುದು ಹಾಗೆಯೇ.