ಪಾತ್ರೆ ಅಂಗಡಿಯ ಗುರುಕಿರಣ ಅಲೆ ಏರಿದ್ದು

ಲಷ್ಕರ್ ಮೊಹಲ್ಲಾದಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಗುರುಕಿರಣನಿಗೆ ನಲವತ್ತು ದಾಟಿದೆ. ವಯಸ್ಸಿಗೆ ತಕ್ಕ ಹೊಟ್ಟೆ, ವಯಸ್ಸಿಗೆ ತಕ್ಕುದಲ್ಲದ ಒಂದು ಹುಚ್ಚು. ಕಡಲು ಮೈಸೂರಿಗೆ ಬಾರದಿದ್ದರೇನಂತೆ, ತಾನೇ ಬಿಡುವಾದಾಗಲೆಲ್ಲ ಮೂಲ್ಕಿಗೆ ಹೋಗಿ, ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡುವುದನ್ನು ಕಲಿತ. ಕುಕ್ಕರ್ ಕೊಳ್ಳಲು ಬಂದವರು ಅಲೆಯ ಕಥೆ ಕೇಳಿಸಿಕೊಳ್ಳದೆ ಅಂಗಡಿಯಿಂದ ಇಳಿದದ್ದಿಲ್ಲ.

ಮನೆಯಲ್ಲಿ ಚಾಪೆಯೇ ಕಡಲು. ಬೋರಲು ಮಲಗುವುದು, ಎರಡೂ ಅಂಗೈ ಊರಿ ಚಂಗನೆ ಎದ್ದು ನಿಲ್ಲುವುದು. ಚಾಪೆ ದೇವರಮನೆಯ ಎದುರಿಗಿದ್ದದ್ದರಿಂದ ತಾಯಿ ನೀಲಮ್ಮನವರಿಗೆ ಬೇರೆಯೇ ಸಂಕಟ.

“ನಮಸ್ಕಾರ ಹಾಕೋದಾದ್ರೆ ನೆಟ್ಟಗೆ ಹಾಕು ಕಣಪ್ಪ. ಅರ್ಧಕ್ಕೇ ಎದ್ಬುಡ್ತೀಯಲ್ಲ, ದೇವ್ರು ಏನಂದ್ಕೊಂಡಾನು?”

ಹೆಂಡತಿ ಸುಷ್ಮಾಳನ್ನು ಕರೆದುಕೊಂಡು ಮಾಲ್ಡೀವ್ಸ್‌ಗೆ ಹೋದಾಗ ಎದುರಾದದ್ದು ಮೂಲ್ಕಿಯ ಸಾಧು ಅಲೆಯಲ್ಲ. ಕೆಳಗೆ ಹರಿತವಾದ ಹವಳದ ದಿಬ್ಬ, ಅದರ ಮೇಲೆ ಸೊಂಟದುದ್ದ ನೀರು. ಅಲೆ ಎದ್ದದ್ದೇ ತಡ, ಮುರಿಯುತ್ತ ಓಡಿಬಿಡುತ್ತದೆ. ಒಂದೇ ಒಂದು ಸಲ ಅಂಥ ಅಲೆಯ ಮೇಲೆ ಕೊನೆಯವರೆಗೆ ಹೋಗಬೇಕೆಂಬುದು ಅವನ ಎಷ್ಟೋ ವರ್ಷಗಳ ಆಸೆ. ಬೀದಿಗೆಲ್ಲ ಹೇಳಿಯೂ ಬಂದಿದ್ದ. ಆದರೆ ಪ್ರತಿ ಸಲವೂ ಏಳುವ ಮೊದಲೇ ಮಗುಚಿಕೊಂಡ. ಬೆನ್ನೆಲ್ಲ ತರಚಿತು. ಊರಿಗೆ ಹೊರಡುವ ದಿನವೂ ಬಂತು, ಉಳಿದದ್ದು ಬೆಳಗಿನ ಒಂದು ಹೊತ್ತು.

ತಪ್ಪೇನೆಂದು ಅಲ್ಲಿ ಅಲೆ ಸವಾರಿ ಕಲಿಸುವವನಿಗೆ ತಿಳಿಯಲಿಲ್ಲ, ದೋಣಿಯಲ್ಲಿ ಕೂತಿದ್ದ ಸುಷ್ಮಾಗೆ ತಿಳಿಯಿತು.

“ರೀ, ಏಳೋ ಹೊತ್ಗೆ ನಿಮ್ಮ ಬಲಗೈ ಎದೆ ಮೇಲಕ್ಕೆ ಹೋಗ್ತದೆ ಕಣ್ರೀ. ಒಂದೇ ಕೈ ಊರಿ ಎದ್ದೇಳೋಕಾಗ್ತದಾ?”

ಅವನ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಮೈಮೇಲಿಂದ ತೆಗೆದಿಡುವ ಮಾತೇ ಇಲ್ಲ. ಅಲೆ ಕಿತ್ತುಕೊಂಡರೆ ಎಂಬ ಭಯಕ್ಕೆ ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತಿತ್ತು. ಮೂಲ್ಕಿಯ ನಿಧಾನದ ಅಲೆ ಈ ಚಾಳಿಯನ್ನು ಸಹಿಸಿಕೊಂಡಿತ್ತು, ಇದು ಸಹಿಸಲಿಲ್ಲ.

“ಕಳೆದ್ಹೋದ್ರೆ ಏನ್ ಗತಿ ಹೇಳು,” ಎಂದ. ದನಿ ಸಣ್ಣಗಾಗಿತ್ತು.

ಸುಷ್ಮಾ ತನ್ನ ದುಪಟ್ಟಾ ತೆಗೆದು, ಕರಡಿಗೆಯ ಮೇಲಿಂದ ಅವನ ಎದೆಗೆ ಸುತ್ತಿ, ಬೆನ್ನ ಹಿಂದೆ ಎಳೆದು ಗಂಟು ಹಾಕಿದಳು.

“ಉಸಿರು ಕಟ್ತದೆ ಕಣೇ.”

“ಕಟ್ಲಿ ಬುಡಿ. ಎರಡೂ ಕೈ ಹಲಗೆ ಮೇಲಿರ್ಲಿ. ಇದ್ರ ಚಿಂತೆ ನನಗಿರ್ಲಿ.”

ಮುಂದಿನ ಅಲೆಗೆ ಗುರುಕಿರಣ ಎರಡೂ ಅಂಗೈ ಊರಿದ. ಎದ್ದ. ಪಕ್ಕದಲ್ಲಿ ನೀರು ಗೋಡೆಯಾಗಿ ನಿಂತಿತು, ಕಾಲ ಕೆಳಗೆ ಹವಳ ಸರಸರನೆ ಹಿಂದಕ್ಕೆ ಓಡಿತು. ಅಲೆ ಆಳದ ನೀರಿಗೆ ಸೇರಿ ಸತ್ತುಹೋಗುವವರೆಗೂ ಅವನು ನಿಂತೇ ಇದ್ದ. ಹುಟ್ಟಿದಾಗಿನಿಂದ ಅಷ್ಟು ಸಂತೋಷ ಅವನಿಗೆ ಆಗಿರಲಿಲ್ಲ.

ಬೀಗುತ್ತ ದೋಣಿಯ ಬಳಿಗೆ ಬಂದು ತಲೆಯೆತ್ತಿದ. ಸುಷ್ಮಾ ಕಣ್ಣು ಬಿಗಿಯಾಗಿ ಮುಚ್ಚಿ, ತನ್ನ ಕೊರಳಿನ ಕರಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು.

“ಬಂದ್ಬುಟ್ಟೆ ಕಣೇ,” ಎಂದ.

ಅವಳು ಕಣ್ಣು ಬಿಟ್ಟಳು, ಕೈ ಮಾತ್ರ ಬಿಡಲಿಲ್ಲ. “ಮೊದ್ಲು ಮೇಲಕ್ಕೆ ಹತ್ತಿ.”

ನೋಡಿದೆಯಾ ಎಂದು ಕೇಳಬೇಕೆಂದಿದ್ದವನು ಕೇಳಲಿಲ್ಲ.